ಘೋಷಣಾ ಪತ್ರದ ಮೇಲಿನ ಒಂದು ಪದ

ಹಿಂದೆ ಸಂತೆಗೆ ಹೋದವನು ಸರಕನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದನು, ಮಾರುವವನ ಮುಖವನ್ನೂ ನೋಡುತ್ತಿದ್ದನು, ಆಮೇಲೆ ಕೊಳ್ಳುತ್ತಿದ್ದನು. ಇಂದು ಸರಕಿನ ಚಿತ್ರ ಮಾತ್ರ ಕಾಣುತ್ತದೆ, ಮಾರುವವನು ಕಾಣುವುದೇ ಇಲ್ಲ. ಅವನು ಸಪ್ತಸಾಗರಗಳ ಆಚೆ ಇದ್ದರಂತೂ ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಮಾತನಾಡುವುದು ಪೆಟ್ಟಿಗೆಯ ಮೇಲೆ ಅಂಟಿಸಿದ ಒಂದು ಕಾಗದ. ಆ ಪೆಟ್ಟಿಗೆಯೊಳಗೆ ಏನಿದೆ, ಅದರ ಬೆಲೆಯೆಷ್ಟು, ಅದು ಯಾರಿಗಾಗಿ ಎಂಬ ಮೂರು ಸಂಗತಿಗಳು ಅದರಲ್ಲಿರುತ್ತವೆ. ಪರದೇಶದ ಅಂಗಡಿಗಳಿಂದ ಸರಕು ತರಿಸುವುದು ಸಾಮಾನ್ಯವಾಗಿರುವ ಈ ದಿನಗಳಲ್ಲಿ ಆ ಕಾಗದದ ಕುರಿತು ಓದುಗ ಬಂಧುಗಳು ಕ್ಷಣಕಾಲ ಯೋಚಿಸುವುದು ಉಚಿತವೆನಿಸುತ್ತದೆ.

ಹುಬ್ಬಳ್ಳಿಯ ದುರ್ಗದಬೈಲಿನ ಸಮೀಪ ಗಡಿಯಾರ ದುರಸ್ತಿಯನ್ನೇ ಕಾಯಕವಾಗಿಸಿಕೊಂಡ ಹಿರಿಯರೊಬ್ಬರಿದ್ದಾರೆ. 2022ರಲ್ಲಿ ನಿವೃತ್ತ ಮಾಸ್ತರರೊಬ್ಬರು ತಮ್ಮ ಅಜ್ಜನ ಜೇಬುಗಡಿಯಾರವನ್ನು ಅವರ ಬಳಿಗೆ ತಂದರು. ಅದು ಅಮೆರಿಕದ ಎಲ್ಜಿನ್ ಕಂಪನಿಯದು. ಇಲಿನಾಯ್ ರಾಜ್ಯದಲ್ಲಿ 1864ರಲ್ಲಿ ಹುಟ್ಟಿದ ಆ ಕಂಪನಿಯು ಅಲ್ಲಿ ಗಡಿಯಾರ ತಯಾರಿಸುವುದನ್ನು ನಿಲ್ಲಿಸಿ ಅರ್ಧ ಶತಮಾನಕ್ಕೂ ಮೇಲಾಗಿದೆ. ಗಡಿಯಾರದ ಮುಖ್ಯ ಸ್ಪ್ರಿಂಗು ತುಂಡಾಗಿತ್ತು. ಯಂತ್ರದ ಮೇಲೆ ಕೊರೆದ ಕ್ರಮಾಂಕದಿಂದ ಅದರ ಮಾದರಿಯನ್ನು ಗುರುತಿಸಬಹುದು. ಮಾದರಿ ತಿಳಿದರೆ ಸ್ಪ್ರಿಂಗಿನ ಅಗಲ, ದಪ್ಪ, ಉದ್ದ ಇಂತಿಷ್ಟೇ ಎಂದು ತಿಳಿಯುತ್ತದೆ. ಹತ್ತಿರದ ಅಳತೆಯದನ್ನು ಹಾಕಿ ಗಡಿಯಾರವನ್ನು ಹೇಗೋ ನಡೆಯಿಸಬಹುದಿತ್ತು. ಆ ಹಿರಿಯರು ಅದಕ್ಕೆ ಒಪ್ಪುವವರಲ್ಲ.

ಸರಿಯಾದ ಸ್ಪ್ರಿಂಗು ಅಮೆರಿಕದ ಮಾರಾಟಗಾರನೊಬ್ಬನ ಬಳಿ ಇತ್ತು. ಬೆಲೆ 14 ಡಾಲರ್. ಆದರೆ ಅವನು ತನ್ನ ದೇಶದ ಹೊರಗೆ ಏನನ್ನೂ ಕಳುಹಿಸುವವನಲ್ಲ. ಅಂಗಡಿಯಲ್ಲಿ ಕೈಕೆಲಸಕ್ಕೆ ನಿಂತಿದ್ದ ಹಿರಿಯರ ಸೋದರಳಿಯನು ಆಗ ಪಾರ್ಸೆಲ್ ಫಾರ್ವರ್ಡಿಂಗ್ ಎಂಬ ಮರುರವಾನೆಯ ಮಾರ್ಗವನ್ನು ಹುಡುಕಿ ತಂದನು.

ಇದರ ಕ್ರಮ ಸರಳವಾದುದು. ಮರುರವಾನೆ ಸಂಸ್ಥೆಯು ಅಮೆರಿಕದಲ್ಲಿರುವ ತನ್ನ ಉಗ್ರಾಣದ ವಿಳಾಸವನ್ನು ಗ್ರಾಹಕನಿಗೆ ಕೊಡುತ್ತದೆ. ವಿಳಾಸದ ಕೊನೆಯಲ್ಲಿ ಅವನಿಗೇ ಮೀಸಲಾದ ಒಂದು ಸಂಖ್ಯೆಯಿರುತ್ತದೆ. ಅಂಗಡಿಯವನು ಆ ವಿಳಾಸಕ್ಕೆ ಕಳುಹಿಸುತ್ತಾನೆ, ಸಂಸ್ಥೆಯು ಅದನ್ನು ಸ್ವೀಕರಿಸಿ ಹುಬ್ಬಳ್ಳಿಗೆ ರವಾನಿಸುತ್ತದೆ. ಇಂತಹ ಹಲವು ಉಗ್ರಾಣಗಳು ಆರೆಗಾನ್ ಅಥವಾ ಡೆಲವೇರ್ ರಾಜ್ಯಗಳಲ್ಲಿರುವುದಕ್ಕೆ ಕಾರಣವುಂಟು: ಆ ರಾಜ್ಯಗಳಲ್ಲಿ ಮಾರಾಟ ತೆರಿಗೆಯಿಲ್ಲ. ಇನ್ನೊಬ್ಬರ ಅಂಚೆಯನ್ನು ಪಡೆಯುವ ಅಧಿಕಾರ ಸಂಸ್ಥೆಗೆ ಬರಬೇಕಾದರೆ ಗ್ರಾಹಕನು ಅಮೆರಿಕದ ಅಂಚೆ ಇಲಾಖೆಯ 1583ನೇ ಸಂಖ್ಯೆಯ ನಮೂನೆಯನ್ನು ಗುರುತಿನ ದಾಖಲೆಗಳೊಡನೆ ತುಂಬಿಕೊಡಬೇಕು. ನಮ್ಮ ಕಡೆಯ ತೊಡಕು ಬೇರೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತವೆ. ಪರದೇಶದ ಪಾವತಿಯನ್ನು ಕಾರ್ಡುದಾರನೇ ಕೇಳಿ ತೆರೆಯಿಸಿಕೊಳ್ಳಬೇಕು. ಮಾಸ್ತರರು ಅದಕ್ಕಾಗಿ ಬ್ಯಾಂಕಿಗೆ ಎರಡು ಸಲ ಅಲೆದರು.

ಮಾಸ್ತರರೇ ಏಕೆ ಅಲೆಯಬೇಕಾಯಿತು ಎಂದರೆ, ಸ್ಪ್ರಿಂಗನ್ನು ತಮ್ಮ ಹೆಸರಿನಲ್ಲಿ ತರಿಸಲು ಗಡಿಯಾರದ ಹಿರಿಯರು ಒಪ್ಪಲಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಸ್ವಂತ ಬಳಕೆಗೆ ತರಿಸುವುದು ಬೇರೆ, ವ್ಯಾಪಾರಕ್ಕೆ ತರಿಸುವುದು ಬೇರೆ. ವ್ಯಾಪಾರಕ್ಕಾದರೆ ಆಮದು-ರಫ್ತು ಸಂಕೇತ ಸಂಖ್ಯೆಯನ್ನು ಪಡೆದಿರಬೇಕು. ದುರಸ್ತಿ ಮಾಡಿ ಹಣ ಪಡೆಯುವವನು ಬಿಡಿಭಾಗವನ್ನು ಸ್ವಂತ ಬಳಕೆಗೆಂದು ತರಿಸಿದರೆ ಅದು ನಿಜವಾಗದು. ಗಡಿಯಾರ ಮಾಸ್ತರರದು, ಆದುದರಿಂದ ಸ್ಪ್ರಿಂಗೂ ಅವರದೇ. ಅದನ್ನು ಅವರೇ ತರಿಸಿ ಕೊಟ್ಟರೆ ಹಿರಿಯರು ಕೂಡಿಸುವ ಕೂಲಿಯನ್ನಷ್ಟೇ ಪಡೆಯುವರು.

ಉಗ್ರಾಣಕ್ಕೆ ಸ್ಪ್ರಿಂಗು ತಲುಪಿದ ಮೇಲೆ ಗಣಕಯಂತ್ರದ ಪರದೆಯಲ್ಲಿ ಘೋಷಣಾ ಪತ್ರ ಮೂಡಿತು. ವಸ್ತುವಿನ ವಿವರ, ಬೆಲೆ, ಅನಂತರ ಅದು ಮಾರಾಟದ ಸರಕೋ ಉಡುಗೊರೆಯೋ ಎಂಬ ಪ್ರಶ್ನೆ. ಅಳಿಯನು ಹೇಳಿದನು: "ಮಾಮಾ, ಗಿಫ್ಟ್ ಅಂತ ಹಾಕಿ ಮೂರು ಡಾಲರ್ ಅಂತ ಬರದ್ರ ಆತು. ಎಲ್ಲಾರೂ ಹಂಗ ಮಾಡ್ತಾರ."

ಹಿರಿಯರು ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನು ತೆಗೆದು ಕೇಳಿದರು: "ಕೊಟ್ಟವರು ಯಾರಪಾ? ರೊಕ್ಕಾ ಕೊಟ್ಟು ತಗೊಂಡದ್ದು ಗಿಫ್ಟ್ ಹೆಂಗ ಆಗ್ತೈತಿ?"

ಮಾಸ್ತರರು ಸುಮ್ಮನಿದ್ದರು. ಉಳಿಯುವ ಹಣ ಅವರದಾಗಿತ್ತು; ಅಳಿಯನ ಮಾತು ಅವರಿಗೆ ಹಿಡಿಸಿರಲಿಲ್ಲವೆಂದು ಹೇಳುವಂತಿಲ್ಲ. ಕಡೆಗೆ 14 ಡಾಲರ್ ಎಂದೇ ಬರೆಯಲಾಯಿತು.

ಅಳಿಯನ ಮಾತು ನೀತಿಗೆ ಮಾತ್ರವಲ್ಲದೆ ಲೆಕ್ಕಕ್ಕೂ ಹೊಂದುವಂಥದಲ್ಲ. ಹಿಂದೆ ನಮ್ಮ ದೇಶದಲ್ಲಿ ಒಂದು ಮಿತಿಯೊಳಗಿನ ಉಡುಗೊರೆಗಳಿಗೆ ಸುಂಕವಿರಲಿಲ್ಲ. ಪರದೇಶದ ಮಾರಾಟ ತಾಣಗಳು ವ್ಯಾಪಾರದ ಸರಕನ್ನೇ ಉಡುಗೊರೆಯ ಹೆಸರಿನಲ್ಲಿ ಕಳುಹಿಸುತ್ತಿವೆ ಎಂಬ ದೂರುಗಳು ಹೆಚ್ಚಿದವು. 2019ರ ಡಿಸೆಂಬರಿನಲ್ಲಿ ಸರ್ಕಾರವು ಅಂಚೆ ಮತ್ತು ಕೊರಿಯರ್ ಮೂಲಕ ಸುಂಕವಿಲ್ಲದೆ ಉಡುಗೊರೆ ತರಿಸುವುದನ್ನೇ ನಿಷೇಧಿಸಿತು. ಜೀವರಕ್ಷಕ ಔಷಧ ಮತ್ತು ರಾಖಿ, ಇವೆರಡಕ್ಕೆ ಮಾತ್ರ ವಿನಾಯಿತಿ ಉಳಿಯಿತು. ಸುಳ್ಳು ಉಡುಗೊರೆಗಳ ದೆಸೆಯಿಂದ, ದೂರದ ಅಣ್ಣನೊಬ್ಬನು ತಂಗಿಗೆ ಕಳುಹಿಸುವ ನಿಜವಾದ ಉಡುಗೊರೆಗೂ ಬಾಗಿಲು ಮುಚ್ಚಿತು. ಬೆಲೆಯನ್ನು ಕಡಿಮೆ ಬರೆದವನಿಗೆ ಇನ್ನೊಂದು ಸಂಕಟವೂ ಉಂಟು. ಪೆಟ್ಟಿಗೆ ಕಳೆದುಹೋದರೆ ವಿಮೆಯವರು ಬರೆದಷ್ಟು ಬೆಲೆಯನ್ನೇ ನೋಡುತ್ತಾರೆ.

ಖರ್ಚಿನ ವಿಷಯದಲ್ಲಿ ಮುಚ್ಚುಮರೆ ಬೇಡ. 14 ಡಾಲರಿನ ಸ್ಪ್ರಿಂಗಿಗೆ ರವಾನೆಯ ವೆಚ್ಚ 31 ಡಾಲರ್ ಆಯಿತು. ಸುಂಕವನ್ನು ಕಟ್ಟುವಾಗ ಸರಕಿನ ಬೆಲೆಗೆ ಸಾಗಣೆ, ವಿಮೆಗಳನ್ನೂ ಕೂಡಿಸುತ್ತಾರೆ. ಆದರೆ ವಿಮಾನದಲ್ಲಿ ಬಂದುದಕ್ಕೆ ಸಾಗಣೆಯ ಭಾಗವು ಬೆಲೆಯ ಶೇ. 20ನ್ನು ಮೀರಬಾರದೆಂಬ ನಿಯಮವಿದೆ. ಇದನ್ನು ತಿಳಿದವರು ವಿರಳ. ಸ್ಪ್ರಿಂಗು ಹಗುರವಾದುದು ಮಾಸ್ತರರ ಪುಣ್ಯ. ಕೊರಿಯರಿನವರು ತೂಕದ ಜೊತೆಗೆ ಗಾತ್ರವನ್ನೂ ಅಳೆಯುತ್ತಾರೆ: ಸೆಂಟಿಮೀಟರುಗಳಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಮೂವತ್ತು ಸೆಂಟಿಮೀಟರಿನ ಚೌಕ ಪೆಟ್ಟಿಗೆಯಲ್ಲಿ ಹತ್ತಿಯನ್ನೇ ತುಂಬಿದರೂ ಅದು ಲೆಕ್ಕದಲ್ಲಿ 5.4 ಕಿಲೋ ಆಗುತ್ತದೆ. ವಸ್ತು ಸರಿಯಿಲ್ಲದಿದ್ದರೆ ಹಿಂದಿರುಗಿಸುವುದು ಬಹುಮಟ್ಟಿಗೆ ಕನಸೇ ಸರಿ. ಮೊದಲ ವಿಳಾಸದಿಂದ ಮುಂದಕ್ಕೆ ಹೋದ ಸರಕಿಗೆ ಇಬೇ ತಾಣದ ಹಣ ಮರಳಿಸುವ ಖಾತರಿಯೂ ಅನ್ವಯಿಸುವುದಿಲ್ಲ.

ಗಡಿಯಾರ ನಡೆಯಿತು, ಅದರ ಕಥೆ ಅಲ್ಲಿಗೆ ಮುಗಿಯಿತು. ಆದರೆ ಘೋಷಣಾ ಪತ್ರದ ಅದೇ ಪ್ರಶ್ನೆ ಮೂರು ವರ್ಷಗಳ ಅನಂತರ ಅಳಿಯನ ಮನೆಗೇ ಬಂದಿತು.

ಅವನ ತಂಗಿ ಮದುವೆಯಾಗಿ ಅಮೆರಿಕದ ಟೆಕ್ಸಾಸ್ ಸೇರಿದ್ದಳು. 2025ರ ಸೆಪ್ಟೆಂಬರಿನಲ್ಲಿ ಆಕೆಯ ಕುಬಸ. ಇಳಕಲ್ಲಿನ ಅಂಗಡಿಯೊಂದರಲ್ಲಿ ಆಕೆ ತನಗಾಗಿ ಎರಡು ಸೀರೆಗಳನ್ನು ಕೊಂಡಳು. ಅಂಗಡಿಯವರು ಪರದೇಶಕ್ಕೆ ಕಳುಹಿಸುವುದಿಲ್ಲವಾದ್ದರಿಂದ ಅವು ಬೆಂಗಳೂರಿನ ಮರುರವಾನೆ ಸಂಸ್ಥೆಯೊಂದಕ್ಕೆ ಹೋಗಬೇಕಾಗಿತ್ತು. ಈಗ ಟೆಕ್ಸಾಸೇ ಊರು, ಇಳಕಲ್ಲೇ ಪರದೇಶ! ಅಮೆರಿಕದಲ್ಲಿ 2016ರಿಂದ 800 ಡಾಲರಿನವರೆಗಿನ ಸರಕು ಸುಂಕವಿಲ್ಲದೆ ಒಳಬರುತ್ತಿತ್ತು. 2025ರ ಆಗಸ್ಟ್ 29ರಂದು ಆ ವಿನಾಯಿತಿ ಎಲ್ಲ ದೇಶಗಳಿಗೂ ನಿಂತಿತು. ಭಾರತದ ಸರಕಿನ ಮೇಲೆ ಆಗ ಶೇ. 50ರ ಹೆಚ್ಚುವರಿ ಸುಂಕವೂ ಬಿದ್ದಿತ್ತು. ನಮ್ಮ ಅಂಚೆ ಇಲಾಖೆಯು ಅಮೆರಿಕಕ್ಕೆ ಪಾರ್ಸೆಲ್ ಸ್ವೀಕರಿಸುವುದನ್ನು ಆಗಸ್ಟ್ ಕೊನೆಯಲ್ಲಿ ನಿಲ್ಲಿಸಿ ಅಕ್ಟೋಬರ್ 15ರಂದು ಪುನಃ ಆರಂಭಿಸಿತು. ಉಳಿದ ದಾರಿ ಖಾಸಗಿ ಕೊರಿಯರ್ ಒಂದೇ. ನೂರು ಡಾಲರಿನೊಳಗಿನ ನಿಜವಾದ ಉಡುಗೊರೆಗೆ ಮಾತ್ರ ಅಮೆರಿಕವು ಸುಂಕದ ವಿನಾಯಿತಿಯನ್ನು ಉಳಿಸಿಕೊಂಡಿತ್ತು.

"ಅಣ್ಣಾ, ಗಿಫ್ಟ್ ಅಂತ ಬರೀಲಿಕ್ಕೆ ಹೇಳು" ಎಂದು ತಂಗಿಯ ಕರೆ ಬಂದಿತು. ಅಳಿಯನು ತಕ್ಷಣ ಉತ್ತರ ಕೊಡಲಿಲ್ಲ. ದಾರಿ ತೋರಿಸಿದವಳು ತಾಯಿ. "ಕುಬಸಕ್ಕ ತವರಿನ ಹಸರ ಸೀರಿ ನಾ ಕೊಡಾಕೇಬೇಕಲ್ಲ. ಅದು ಖರೇನ ಉಡುಗೊರಿ. ಅಕಿ ತಗೊಂಡದ್ದು ಅಕಿದು, ಅದಕ್ಕ ಅಕೀನ ಸುಂಕಾ ಕಟ್ಟಲಿ" ಎಂದಳಾಕೆ. ತಾನು ಕೂಡಿಟ್ಟ ಹಣದಲ್ಲಿ ಆರು ಸಾವಿರದ ಹಸಿರು ಸೀರೆಯೊಂದನ್ನು ಕೊಂಡು, ತನ್ನದೇ ಹೆಸರಿನಲ್ಲಿ ಬೇರೆ ಪೆಟ್ಟಿಗೆ ಕಟ್ಟಿಸಿ, ಉಡುಗೊರೆಯೆಂದು ಬರೆಯಿಸಿದಳು. ಬೆಂಗಳೂರಿನ ಪೆಟ್ಟಿಗೆಯ ಮೇಲೆ ಎರಡು ಸೀರೆಗಳ ಪೂರ್ಣ ಬೆಲೆ ಬಿದ್ದಿತು. ಸುಂಕದ ಮೊತ್ತವನ್ನು ಕಂಡು ಮಗಳು ಒಂದು ದಿನ ಫೋನಿನಲ್ಲಿ ಸರಿಯಾಗಿ ಮಾತನಾಡಲಿಲ್ಲ.

ಕುಬಸದ ದಿನ ಆಕೆ ತಾಯಿಯ ಹಸಿರು ಸೀರೆಯನ್ನೇ ಉಟ್ಟಳು. ಬೆಂಗಳೂರಿನ ಪೆಟ್ಟಿಗೆಯು ಮುಂದಿನ ವಾರ, ಸುಂಕದ ರಸೀದಿಯೊಡನೆ ತಲುಪಿತು.