ತುಪ್ಪದ ಹದ

ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆಯನ್ನು ಕಟ್ಟಿದವನು ಎಂದೂ ಬೆಣ್ಣೆ ಕಾಸಿದವನಲ್ಲವೆಂದು ನನ್ನ ಗುಮಾನಿ. ಅದೇನು ಅಷ್ಟು ಸುಲಭವೆ? ದಂಡಿಗನಹಳ್ಳಿಯ ನಮ್ಮ ಮನೆಯಲ್ಲಿ ಬೆಣ್ಣೆ ಒಲೆಯ ಮೇಲಿದ್ದಷ್ಟು ಹೊತ್ತೂ ಅಜ್ಜಿ ಕೂತಲ್ಲಿಂದ ಏಳುತ್ತಿರಲಿಲ್ಲ. ಚಟಪಟ ಸದ್ದು ಅಡಗಿ, ತಳದ ಗಸಿ ಹೊಂಬಣ್ಣಕ್ಕೆ ತಿರುಗಿದೊಡನೆ ಒಂದು ವೀಳ್ಯದೆಲೆ ಹಾಕಿ ಪಾತ್ರೆ ಇಳಿಸಿಬಿಡುತ್ತಿದ್ದಳು.

ಇಂಥ ತುಪ್ಪದ ಮೇಲೂ 1987ರಲ್ಲಿ ದೂರು ಬಂತು. ಜೇಕಬ್‌ಸನ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಪರೀಕ್ಷಿಸಿದ ತುಪ್ಪದ ಸ್ಟೆರಾಲುಗಳಲ್ಲಿ ನೂರಕ್ಕೆ 12.3 ಪಾಲು ಆಮ್ಲಜನಕ ಸೇರಿ ಮಾರ್ಪಟ್ಟ ಕೊಲೆಸ್ಟರಾಲು. ತಾಜಾ ಬೆಣ್ಣೆಯಲ್ಲಿ ಅದು ಸಿಕ್ಕಲಿಲ್ಲ. ಹೊರದೇಶಗಳಲ್ಲಿ ನೆಲೆಸಿದ ಭಾರತೀಯರಿಗೆ ಹೃದ್ರೋಗ ಹೆಚ್ಚಾಗಿರುವುದಕ್ಕೆ ಇದೂ ಕಾರಣವಿರಬಹುದೆಂದು ಅವರ ಊಹೆ. ಊಹೆಯೇ ಹೊರತು ಸಿದ್ಧವಾದ ಮಾತಲ್ಲ.

ಕೊಲೆಸ್ಟರಾಲು ಹುಟ್ಟು ಖಳನೇನಲ್ಲ. ನಮ್ಮ ಜೀವಕೋಶಗಳ ಪೊರೆ ನೆಟ್ಟಗೆ ನಿಂತಿರುವುದು ಅದರ ನೆರವಿನಿಂದ. ಬಿಸಿ, ಗಾಳಿ ತಗುಲಿ ಅದು 7-ಕೀಟೋಕೊಲೆಸ್ಟರಾಲ್ ಆಯಿತೆಂದರೆ ಮಾತ್ರ ಪೊರೆಯಲ್ಲಿ ಸರಿಯಾಗಿ ಕೂರಲಾರದು. ಪ್ರಯೋಗಶಾಲೆಯಲ್ಲಿ ಕೋಶಗಳಿಗೆ ಇದನ್ನು ಹೆಚ್ಚಾಗಿ ಉಣಿಸಿದರೆ, ಅವುಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಸೋತು ಕೋಶ ಸಾಯುತ್ತದೆ. ಈ ಕೇಡು ಊಟದಿಂದಲೇ ಬರಬೇಕೆಂದಿಲ್ಲ; ರಕ್ತದ ಕೊಲೆಸ್ಟರಾಲು ನಾಳದ ಗೋಡೆಯಲ್ಲಿ ಸಿಕ್ಕಿಕೊಂಡು ಅಲ್ಲಿಯೂ ಕೆಡುವುದುಂಟು. ಅದನ್ನು ಕಾವಲಿನ ಕೋಶಗಳು ನುಂಗಿ ನುಂಗಿ, ಅರಗಿಸಲಾರದೆ, ನೊರೆಯಂತೆ ಉಬ್ಬಿ ಅಲ್ಲೇ ಕುಸಿಯುತ್ತವೆ. ನಾಳ ಕಟ್ಟಿಕೊಳ್ಳುವುದಕ್ಕೆ ಇದೇ ಮೊದಲು.

ಸೋಜಿಗವೆಂದರೆ, ಕೊಲೆಸ್ಟರಾಲಿಗೆ ಆಮ್ಲಜನಕ ಕೂಡಿಸುವ ಕೆಲಸವನ್ನು ದೇಹವೂ ಮಾಡುತ್ತದೆ. ಹಾಗೆ ಕೂಡಿಸಿಯೇ ಯಕೃತ್ತು ಪಿತ್ತರಸದ ಆಮ್ಲಗಳನ್ನು ತಯಾರಿಸುತ್ತದೆ. ಮಿದುಳು ತನಗೆ ಹೆಚ್ಚಾದುದನ್ನು ಹೊರಕ್ಕೆ ಸಾಗಿಸುತ್ತದೆ. ಕಿಣ್ವಗಳ ಕೈಯಲ್ಲಿ ಈ ಕೆಲಸಕ್ಕೆ ಒಂದು ಜಾಗವುಂಟು, ಒಂದು ಅಳತೆಯುಂಟು. ಬೆಂಕಿಗೆ ಎರಡೂ ತಿಳಿಯದು. ಅಳತೆಯನ್ನು ಒಲೆಯ ಮುಂದೆ ಕೂತವರೇ ನೋಡಿಕೊಳ್ಳಬೇಕು. ಅಜ್ಜಿಯ ವೀಳ್ಯದೆಲೆಯ ಸಾರವೂ ತುಪ್ಪ ಕಮಟಾಗುವುದನ್ನು ತಡಮಾಡುತ್ತದೆಂದು ಪ್ರಯೋಗಗಳು ತೋರಿಸಿವೆ. ಹಾಗೆಂದು ಎಲೆಯನ್ನು ನಂಬಿ ಸೌಟು ತುಂಬಿಸುವಂತಿಲ್ಲ, ಜಿಡ್ಡು ಜಿಡ್ಡೇ.

ಈಚೆಗೆ ಅಣ್ಣನಿಗೆ ಹೃದಯದ ಬೇನೆ ಕಾಣಿಸಿಕೊಂಡ ಮೇಲೆ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ತುಪ್ಪ ಅಮೃತವೆಂದು ಅತ್ತಿಗೆ. ವಿಷವೆಂದು ಅವರ ಮಗ. ನಡುವೆ ಬಿಸಿಮುದ್ದೆಯ ಮುಂದೆ ಕೂತ ಅಣ್ಣ ನನ್ನ ಮುಖ ನೋಡುತ್ತಾನೆ. ನನ್ನ ತೀರ್ಪು ಇಬ್ಬರಿಗೂ ಹಿಡಿಸಲಿಲ್ಲ: ವೈದ್ಯರು ಹೇಳಿದಷ್ಟೇ ತುಪ್ಪ, ಅದೂ ಹದವಾಗಿ ಕಾಸಿದ ಹೊಸ ತುಪ್ಪ, ಹಬ್ಬದಲ್ಲಿ ಕಜ್ಜಾಯ ಕರಿದು ಉಳಿದುದನ್ನು ಮತ್ತೆ ಮತ್ತೆ ಬಾಣಲೆಗೆ ಸುರಿಯುವುದು ಇಂದಿಗೇ ನಿಲ್ಲಬೇಕು.