ಕಪಾಟಿನ ಪುಸ್ತಕಗಳು – 7: ಅಣ್ಣಾವ್ರ ಪುಸ್ತಕ, ಅಪ್ಪನ ಸುಣ್ಣ

ಹೋದ ವಾರ ಕಪಾಟಿನ ಫೋಟೊ ಹಾಕಿದ್ದಕ್ಕೆ, ಕೆಳಗಿನ ಸಾಲಲ್ಲಿ ಅಡ್ಡ ಮಲಗಿರುವ ದಪ್ಪ ಪುಸ್ತಕ ಯಾವುದು ಅಂತ ನಾಲ್ಕೈದು ಜನ ಕೇಳಿದ್ರಿ. ‘ಡಾ. ರಾಜ್‌ಕುಮಾರ್: ದ ಪರ್ಸನ್ ಬಿಹೈಂಡ್ ದ ಪರ್ಸನಾಲಿಟಿ’. 2012ರಲ್ಲಿ ಬಂದದ್ದು. ಪುನೀತ್ ರಾಜ್‌ಕುಮಾರ್ ಮತ್ತು ಪ್ರಕೃತಿ ಬನವಾಸಿ ಸೇರಿ ಮಾಡಿದ್ದು. ಓದುವುದಕ್ಕಿಂತ ನೋಡುವ ಪುಸ್ತಕ. ಸಿನಿಮಾದ ಚಿತ್ರಗಳ ಜೊತೆ ಮನೆಯ ಫೋಟೊಗಳೂ ಉಂಟು.

ನಾನದನ್ನು ತೆಗೊಂಡದ್ದು ಅಪ್ಪನಿಗೆ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದು, ಗುರುವಾಯನಕೆರೆಯಲ್ಲಿ ಇಳಿದು, ನಾರಾವಿ ಬಸ್ಸು ಹಿಡಿದು ಅಳದಂಗಡಿ ಮುಟ್ಟುವಾಗ ಕಾಲು ಜೋಮು ಹಿಡಿದಿತ್ತು.

ಅಪ್ಪ ರಾಜ್‌ಕುಮಾರ್ ಅಭಿಮಾನಿ ಹೌದು, ಆದ್ರೆ ನೋಡಿದ ಸಿನಿಮಾ ಕಡಿಮೆ. ಸಂತೆಗೆ ಬೆಳ್ತಂಗಡಿಗೆ ಹೋದಾಗ ಟಾಕೀಸಿನ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಪಿನ್ ಚುಚ್ಚಿದ ಸ್ಟಿಲ್ ನೋಡಿ ಬರುವುದು. ಟಿಕೆಟಿಗೆ ದುಡ್ಡಿಲ್ಲ. ಆ ಹತ್ತು ಹನ್ನೆರಡು ಚಿತ್ರ ನೋಡಿ ಕಥೆ ಅವರೇ ಕಟ್ಟುತ್ತಿದ್ರು. ಎಷ್ಟೋ ವರ್ಷ ಆದ ಮೇಲೆ ಟಿವಿಯಲ್ಲಿ ಅದೇ ಸಿನಿಮಾ ಬಂದಾಗ ಕಥೆ ಬೇರೆಯೇ ಇರ್ತಿತ್ತು, ಅಪ್ಪನಿಗೆ ಸ್ವಲ್ಪ ಬೇಜಾರು.

ಆಗೆಲ್ಲ ಸ್ಟಿಲ್ ಅಂದ್ರೆ ಓಡುವ ರೀಲಿನಿಂದ ಕತ್ತರಿಸಿದ್ದಲ್ಲ. ಶಾಟ್ ಮುಗಿದ ಮೇಲೆ ನಟರನ್ನು ಹಾಗೇ ನಿಲ್ಲಿಸಿ ಬೇರೆ ಕ್ಯಾಮೆರಾದಲ್ಲಿ ತೆಗೆಯುವುದು. ಪ್ರಗತಿ ಅಶ್ವತ್ಥನಾರಾಯಣ, ಭವಾನಿ ಲಕ್ಷ್ಮೀನಾರಾಯಣ ಇವರೆಲ್ಲ ಆ ಕೆಲಸದವರು. ಟಾಕೀಸಿನ ಒಳಗೆ ಹೋಗದವರಿಗೆ ರಾಜ್‌ಕುಮಾರ್ ಅಂದ್ರೆ ಇವರು ತೋರಿಸಿದ ಮುಖವೇ.

ಪುಸ್ತಕ ಕೊಟ್ಟಾಗ ಅಪ್ಪ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ರು. ಕೈ ಬೈರಾಸಿಗೆ ಒರೆಸಿದ್ರು, ಸರಿಯಾಗಿ ಒರೆಸಲಿಲ್ಲ. ಸಿನಿಮಾದ ಪುಟಗಳನ್ನು ಬೇಗ ಬೇಗ ಮಗುಚಿದ್ರು. ಮನೆಯ ಫೋಟೊ ಬಂದಾಗ ನಿಂತ್ರು. “ಇದು ತೆಗೆದದ್ದು ಯಾರು?”

“ಮನೆಯವರೇ ಯಾರಾದ್ರೂ ಇರಬೇಕು ಅಪ್ಪ.”

ತುಂಬ ಹೊತ್ತು ನೋಡಿ, “ಚೌಕಿಗೆ ಹೋಗಿ ವೇಷದವರನ್ನು ಬಣ್ಣ ತೆಗೆದ ಮೇಲೆ ನೋಡಿದ ಹಾಗಾಯ್ತು ಮಾರಾಯ” ಅಂದ್ರು. ಆಟದ ಹುಚ್ಚಿನವರಿಗೆ ಇದು ಅರ್ಥ ಆಗ್ತದೆ.

ಹೊರದೇಶದಲ್ಲಿ ಹೆಲ್ಮಟ್ ನ್ಯೂಟನ್ ಅನ್ನುವ ಫೋಟೊಗ್ರಾಫರ್‌ನ ‘ಸುಮೊ’ ಅಂತ ಒಂದು ಪುಸ್ತಕ ಉಂಟು. 1999ರಲ್ಲಿ 10,000 ಪ್ರತಿ ಮಾಡಿ, ಇಡ್ಲಿಕ್ಕೆ ಸ್ಟ್ಯಾಂಡ್ ಸಮೇತ ಮಾರಿದ್ರು. ನಮ್ಮದಕ್ಕೆ ಊಟದ ಮಣೆಯೇ ಸ್ಟ್ಯಾಂಡು. ನಮ್ಮ ಮಳೆಗೆ ಈ ನುಣುಪು ಕಾಗದ ಒಂದಕ್ಕೊಂದು ಅಂಟಿಕೊಳ್ತದೆ, ಬಿಡಿಸುವಾಗ ಚಿತ್ರವೇ ಕಿತ್ತು ಬರ್ತದೆ. ಆಟಿ ತಿಂಗಳಲ್ಲಿ ಅಪ್ಪ ದಿನಾ ಪುಟ ಮಗುಚಿ ಗಾಳಿ ಆಡಿಸ್ತಿದ್ರು. ಅದು ಪುಸ್ತಕ ಉಳಿಸ್ಲಿಕ್ಕೋ ನೋಡ್ಲಿಕ್ಕೋ ನಾನು ಕೇಳಲಿಲ್ಲ.

2018ರಲ್ಲಿ ಅಪ್ಪ ಹೋದ್ರು. ಗೋಡೆಗೆ ಹಾಕುವ ಫೋಟೊ ಹುಡುಕಿದ್ರೆ ನನ್ನ ಮೊಬೈಲಲ್ಲಿ ತೋಟ ಇತ್ತು, ದನ ಇತ್ತು, ಅಜಿಲರ ಅರಮನೆ ಇತ್ತು, ಮಳೆಯದ್ದೇ ನೂರಾರು ಇತ್ತು. ಅಪ್ಪ ಇದ್ದದ್ದು ಮೂರರಲ್ಲಿ. ಎರಡರಲ್ಲಿ ಬೆನ್ನು. ಕೊನೆಗೆ ವೋಟರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿದೆವು. ಸ್ಟುಡಿಯೊದವರು ಅದಕ್ಕೆ ನೀಲಿ ಕೋಟು ಹಾಕಿ ಕೊಟ್ಟರು. ಅಪ್ಪ ಜೀವಮಾನದಲ್ಲಿ ಕೋಟು ಹಾಕಿದವರಲ್ಲ. ಒಬ್ಬ ಮಗ ತನ್ನ ಅಪ್ಪನ ಚಿತ್ರ ಒಟ್ಟು ಮಾಡಿ ಇಷ್ಟು ದಪ್ಪ ಪುಸ್ತಕ ಮಾಡಿದ್ದ, ಅದನ್ನು ಹೊತ್ತು ತಂದ ನನ್ನ ಹತ್ತಿರ ಇದ್ದದ್ದು ಇಷ್ಟು.

2021ರ ಅಕ್ಟೋಬರ್ 29ಕ್ಕೆ ಅಪ್ಪುವೂ ಹೋದ್ರು. ಆಮೇಲೆ ಈ ಪುಸ್ತಕ ಹುಡುಕುವವರು ಜಾಸ್ತಿ ಆಗಿದ್ದಾರೆ. ಹೋದ ವಾರದ ಫೋಟೊ ನೋಡಿ ಒಬ್ಬರು ಮೆಸೇಜ್ ಮಾಡಿದ್ರು: ಕೊಡ್ತೀರಾ, ಒಳ್ಳೆ ರೇಟು ಕೊಡ್ತೇನೆ, ಕಂಡೀಷನ್ ಹೇಗುಂಟು? ಮನೆ ಫೋಟೊ ಇರುವ ಒಂದು ಪುಟದ ಅಂಚಲ್ಲಿ ಸುಣ್ಣದ ಹೆಬ್ಬೆರಳಿನ ಗುರುತು ಉಂಟು, ಗೆರೆ ಸಮೇತ. ಅದನ್ನು ತೆಗೆದು ಕಳಿಸಿದೆ (ಇಲ್ಲಿ ಮೂರನೇ ಫೋಟೊ).

“ಕಲೆ ಉಂಟಲ್ಲ ಸಾರ್, ಒರೆಸಿದ್ರೆ ಹೋಗಬಹುದಾ?” ಅಂತ ಕೇಳಿದ್ರು.

ಕೊಡುವುದಿಲ್ಲ ಅಂತ ಬರೆದೆ.