84 ಸೆಂಟಿಮೀಟರಿನ ಪ್ರವಾಸ

"ನೆಟ್ಟಗ ನಿಲ್ಲವಾ. ಹಿಮ್ಮಡ ಗ್ವಾಡಿಗೆ ಹಚ್ಚು."

ಅತ್ತೆ ಹೊಲಿಗೆ ಮಷೀನಿನ ಖಾನೆಯಿಂದ ಟೇಪು ತೆಗೆದಿದ್ದಾರೆ. ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತ ಮಗಳಿಗೆ ಎರಡು ವರ್ಷ ಮೂರು ತಿಂಗಳು. ಅವಳ ನೆತ್ತಿಯ ಮೇಲೆ ನಾಲ್ಕು ವರ್ಷದ ಅಣ್ಣ ತನ್ನ ಪಾಟಿಯನ್ನು ಅಡ್ಡ ಹಿಡಿದಿದ್ದಾನೆ. ಅತ್ತೆ ಬಟ್ಟೆಗೆ ಗೆರೆ ಎಳೆಯುವ ಚಾಕಿನಿಂದ ಗೋಡೆಗೊಂದು ಗೆರೆ ಎಳೆದು, ಟೇಪು ಇಳಿಬಿಟ್ಟು, ಕನ್ನಡಕ ಏರಿಸಿಕೊಂಡು ಓದುತ್ತಾರೆ.

"ಎಂಬತ್ನಾಕು."

"ಅಂದ್ರ ಇಕಿಗೆ ಟಿಕೆಟ್ಟೇ ಇಲ್ಲ!" ಮೊಬೈಲಿನಿಂದ ತಲೆ ಎತ್ತಿ ನಮ್ಮ ಯಜಮಾನರು ಹಿಗ್ಗುತ್ತಾರೆ.

ಧಾರವಾಡದ ನಮ್ಮ ಮನೆಯಲ್ಲಿ ಮೂರು ದಿನದಿಂದ ನಡೆದಿರುವುದು ಇದೇ ಲೆಕ್ಕ. ಮಕ್ಕಳನ್ನು ಒಮ್ಮೆ ದೊಡ್ಡ ಪಾರ್ಕಿಗೆ ಕರೆದುಕೊಂಡು ಹೋಗಬೇಕು, ಅಂದರೆ ಬಿಡದಿಯ ವಂಡರ್‌ಲಾಗೆ. ಅಲ್ಲಿ ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ. ಒಳಗಿನ ಕೂಸಿಗೆ ಪುಕ್ಕಟೆ. ನಮ್ಮ ಮಗಳು ಒಂದು ಸೆಂಟಿಮೀಟರಿನಲ್ಲಿ ಪಾಸಾಗಿದ್ದಾಳೆ.

ಅತ್ತೆ ಟೇಪನ್ನು ಬೆರಳಿಗೆ ಸುತ್ತುತ್ತಾ ಕೇಳುತ್ತಾರೆ. "ಪುಕ್ಕಟೆ ಒಳಗ ಬಿಡ್ತಾರ, ಖರೆ. ಬಿಟ್ಟು ಯಾತರ ಮ್ಯಾಲ ಕುಂದರಸ್ತಾರ?"

ಇವರ ಬೆರಳು ಮೊಬೈಲಿನ ಮೇಲೆ ಅಲ್ಲೇ ನಿಲ್ಲುತ್ತದೆ. ಟಿಕೆಟ್ಟು ಉಳಿಸಿಕೊಟ್ಟ ಟೇಪೇ ದೊಡ್ಡ ದೊಡ್ಡ ಆಟಗಳ ಮುಂದೆ ಇವಳನ್ನು ತಡೆದು ನಿಲ್ಲಿಸುತ್ತದೆ. ಅಣ್ಣನನ್ನೂ ಅಳೆಯುತ್ತೇವೆ, 101. ಅವನ ಪಾಲಿಗೂ ಸಣ್ಣ ಮಕ್ಕಳ ನಾಲ್ಕಾರು ಗಾಲಿ-ಕುದುರೆಯಷ್ಟೇ. ಉಳಿದದ್ದಕ್ಕೆ ನಮ್ಮಲ್ಲೊಬ್ಬರು ಸಾಲಿನಲ್ಲಿ, ಇನ್ನೊಬ್ಬರು ಕೂಸು ಹೊತ್ತು ಬಿಸಿಲಿನಲ್ಲಿ.

ಬೆಂಗಳೂರಿಗೆ ಇಲ್ಲಿಂದ 400 ಕಿ.ಮೀ.ಗೂ ಮಿಕ್ಕಿದ ದಾರಿ. 2023ರ ಜೂನ್‌ನಿಂದ ನಮ್ಮೂರಿಗೂ ವಂದೇ ಭಾರತ್ ಬಂದಿದೆ, ನಿಜ. ಆದರೆ ಮಧ್ಯಾಹ್ನ ಒಂದಕ್ಕೆ ಮಲಗಿ ಮೂರಕ್ಕೆ ಏಳುವ ಕೂಸಿಗೆ ರೈಲು ಎಷ್ಟು ಜೋರಾಗಿ ಓಡಿದರೇನು? ಅಲ್ಲಿ ಲಾಡ್ಜು, ಆಟೋ, ಎರಡು ದಿನದ ಹೊರಗಿನ ಊಟ. ಕಪಾಟಿನಲ್ಲಿರುವ ಲಕೋಟೆಯಲ್ಲಿ ಇರುವುದು 2,000 ರೂಪಾಯಿ.

"ಅಂಗಿ ಹೊಲಿಯೂಮುಂದ ಯಾರ ಅಳತಿ ತಗೋತೀವಿ?" ಅತ್ತೆ ಟೇಪನ್ನು ಖಾನೆಗೆ ಹಾಕುತ್ತಾರೆ. "ಹಾಕ್ಕೊಳ್ಳಾವರದ. ಕೊಡಸಾವರದಲ್ಲ."

ತೀರ್ಮಾನ ಅಲ್ಲಿಗೆ ಮುಗಿಯುತ್ತದೆ. ಶನಿವಾರ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಹುಬ್ಬಳ್ಳಿಯಿಂದ 35 ಕಿ.ಮೀ. ಆಸುಪಾಸು. ಅರ್ಧ ದಿನ, ಅಷ್ಟೇ.

*

ಶನಿವಾರ ಬೆಳಗಿನ ಏಳೂವರೆ. ಸಂಕ್ರಾಂತಿ ಕಳೆದು ವಾರವಾಗಿದೆ, ಧಾರವಾಡದ ಚಳಿ ಇನ್ನೂ ಬಿಟ್ಟಿಲ್ಲ. ಹೆಗಲಿನ ಚೀಲದಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಬದನಿಕಾಯಿ ಎಣಗಾಯಿ, ಮೆತ್ತನೆ ಮೊಸರನ್ನ. ಇನ್ನೊಂದರಲ್ಲಿ ಮೂರು ಜೊತೆ ಬಟ್ಟೆ, ಎರಡು ಟವೆಲ್ಲು, ಒದ್ದೆಯಾದದ್ದನ್ನು ತುಂಬಲು ಪ್ಲಾಸ್ಟಿಕ್ ಚೀಲ, ನೀರು. ಬುತ್ತಿ ಕಟ್ಟಿಕೊಂಡು ಹೋಗುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ, ಸಂಕ್ರಾಂತಿಗೆ ಹೊಳೆಗೆ ಹೊರಡುವ ಊರಿನವರು ನಾವು.

ಮೊದಲ ಆಟ ಮನೆಯಿಂದ ಹತ್ತು ನಿಮಿಷದಲ್ಲೇ ಶುರುವಾಗುತ್ತದೆ. ಚಿಗರಿ ಬಸ್ಸು. ರಸ್ತೆಯ ನಟ್ಟನಡುವಿನ ಎತ್ತರದ ನಿಲ್ದಾಣ, ತಾನಾಗಿ ಸರಿಯುವ ಗಾಜಿನ ಬಾಗಿಲು. ಅದು ಸರಿದಾಗಲೆಲ್ಲ ಮಗ ಚಪ್ಪಾಳೆ ಹೊಡೆಯುತ್ತಾನೆ. 2020ರ ಫೆಬ್ರುವರಿಯಲ್ಲಿ ಅವಳಿ ನಗರದ ನಡುವೆ ವಿಧ್ಯುಕ್ತವಾಗಿ ಉದ್ಘಾಟನೆಯಾದ ಈ ಬಸ್ಸು ನಮಗೆ ಆಫೀಸಿನ ದಾರಿ. ಅವನಿಗೆ ಇದು ಜಾತ್ರೆ. ನವಲೂರು, ರಾಯಾಪುರ, ನವನಗರ ದಾಟಿ ಉಣಕಲ್ ಕೆರೆ ಕಾಣುತ್ತಲೇ ಇಬ್ಬರೂ ಕಿಟಕಿಗೆ ಮೂಗು ಒತ್ತುತ್ತಾರೆ. ಗಾಜಿನ ಮೇಲೆ ಎರಡು ಸಣ್ಣ ಉಸಿರಿನ ಮಬ್ಬು.

ಹುಬ್ಬಳ್ಳಿಯಲ್ಲಿ ಇಳಿದು ಹಾವೇರಿ ಕಡೆಯ ಕೆಂಪು ಬಸ್ಸು ಹಿಡಿಯುತ್ತೇವೆ. ಹತ್ತುವ ಮೊದಲೇ ಇವರು ಕೇಳಿಕೊಳ್ಳುತ್ತಾರೆ, "ರಾಕ್ ಗಾರ್ಡನ್ ಕಡೆ ನಿಲ್ಲಸ್ತೀರೇನ್ರಿ?" ಎಲ್ಲ ಬಸ್ಸು ನಿಲ್ಲುವುದಿಲ್ಲ, ಕೇಳಿಯೇ ಹತ್ತಬೇಕು. "ನಿಲ್ಲಸ್ತೀನಿ, ಹತ್ರಿ ಲಗೂನ. ಆಧಾರ್ ಕೈಯಾಗ ಇಟ್ಕೋರಿ." ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದದ್ದು 2023ರ ಜೂನ್ 11ಕ್ಕೆ. ಅತ್ತೆಗೂ ನನಗೂ ದುಡ್ಡಿಲ್ಲದ ಚೀಟಿ. ಆರು ವರ್ಷದೊಳಗಿನ ಮಕ್ಕಳಿಗೆ ಚೀಟಿಯೇ ಇಲ್ಲ. ಐದು ಮಂದಿಯ ಪ್ರವಾಸದಲ್ಲಿ ಜೇಬಿಗೆ ಕೈ ಹಾಕಬೇಕಾದವರು ಇವರೊಬ್ಬರೇ. "ನಂದೊಂದ ಪೂರ್ತಿ ಕೊಡ್ರಿ," ಎಂದು ಕಂಡಕ್ಟರಿಗೆ ಹೇಳುವಾಗ ದನಿಯಲ್ಲಿ ಸಣ್ಣ ಅಸೂಯೆ. ಅತ್ತೆ ತಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದೊಳಗೆ ಇಡುತ್ತಾರೆ.

ವರೂರಿನಲ್ಲಿ ನವಗ್ರಹ ತೀರ್ಥದ ಪಾರ್ಶ್ವನಾಥರು ಹೆದ್ದಾರಿಗೇ ಕಾಣಿಸುತ್ತಾರೆ. "ಎಷ್ಟ್ ದೊಡ್ಡಾಂವ!" ಎನ್ನುತ್ತಾನೆ ಮಗ. 61 ಅಡಿ ಎಂದು ಇವರು ಹೇಳಿದರೆ ಅವನಿಗೆ ತಿಳಿಯದು. "ನಮ್ಮ ಮನಿಗಿಂತ ಎತ್ತರ," ಎನ್ನುತ್ತಾರೆ ಅತ್ತೆ. ತಿಳಿಯಿತು. ತಡಸ ಕ್ರಾಸ್ ದಾಟುತ್ತಿದ್ದಂತೆ ಮಗಳು ನನ್ನ ತೊಡೆ ತೋಯಿಸುತ್ತಾಳೆ. ಪ್ಲಾಸ್ಟಿಕ್ ಚೀಲ ಕೆಲಸಕ್ಕೆ ಬರುತ್ತದೆ.

ಬಸ್ಸು ಇಳಿಸಿ ಹೋದ ಮೇಲೆ ಹೆದ್ದಾರಿಯ ಗಾಳಿ ಸೆರಗು ಜಗ್ಗುತ್ತದೆ. ಲಾರಿಗಳು ನಿಲ್ಲದೆ ಓಡುತ್ತಿವೆ. ಹೋಗುವಾಗಲೋ ಬರುವಾಗಲೋ ಒಂದು ಸಲ ಈ ರಸ್ತೆ ದಾಟಲೇಬೇಕು. ಆ ಹೊತ್ತಿಗೆ ಮಕ್ಕಳು ನೆಲದ ಮೇಲಿರಬಾರದು, ಕಂಕುಳಲ್ಲಿರಬೇಕು. ದೊಡ್ಡವರು ಮೂವರು ಬೇಕೆನ್ನುವುದು ಇದಕ್ಕೇ: ಇಬ್ಬರಿಗೆ ಒಂದೊಂದು ಕೂಸು, ಮೂರನೆಯವರಿಗೆ ಚೀಲ.

*

ಒಳಗೆ ಕಾಲಿಟ್ಟು ಐದು ನಿಮಿಷವಾಗಿಲ್ಲ, ಮಗಳು ಚಿಟ್ಟನೆ ಚೀರುತ್ತಾಳೆ.

ಡಾ. ರಾಜಕುಮಾರ್ ಅವರ ಸಿನಿಮಾ ವೇಷದ ಪ್ರತಿಮೆಗಳನ್ನು ನಗುತ್ತಲೇ ನೋಡಿದ್ದಳು. ಆದರೆ ಮುಂದೆ ಹಳ್ಳಿಯ ಬೀದಿ. ರುಮಾಲು ಸುತ್ತಿ, ಹುರಿಮೀಸೆ ಬಿಟ್ಟ ಗಂಡಸೊಬ್ಬ ಇವಳನ್ನೇ ನೋಡುತ್ತಿದ್ದಾನೆ. ಮಾತಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ನನ್ನ ಕುತ್ತಿಗೆ ಬಿಗಿಯಾಗಿ ಹಿಡಿದು ಮುಖ ಮುಚ್ಚಿಕೊಳ್ಳುತ್ತಾಳೆ. ಎಲ್ಲವೂ ಆಳೆತ್ತರದ ಸಿಮೆಂಟಿನ ಜನ, ಬಣ್ಣ ಬಳಿದವರು, ಥೇಟ್ ನಮ್ಮೂರ ಸಂತೆಯಲ್ಲಿ ಸಿಗುವವರು. ಅವಳ ತಪ್ಪೇನಿಲ್ಲ. ಎರಡು ವರ್ಷದ ಕಣ್ಣಿಗೆ ಅಲುಗಾಡದ ಮನುಷ್ಯನಿಗಿಂತ ಭಯಂಕರವಾದದ್ದು ಇನ್ನೊಂದಿಲ್ಲ. ಇಷ್ಟೆಲ್ಲ ತಯಾರಿ ಮಾಡಿದ ನನಗೆ ಇದೊಂದು ಹೊಳೆದಿರಲಿಲ್ಲ.

"ತಿರುಗಿ ಹೋಗೂಣೇನು?" ಎಂದು ಇವರು ಪಿಸುಗುಟ್ಟುತ್ತಾರೆ.

ಅತ್ತೆ ಮೀಸೆಯವನ ಎದುರು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ. "ಅಳಬ್ಯಾಡವಾ. ಈ ಮಾವಾ ಸ್ಟ್ಯಾಚು ಆಟ ಆಡಾಕತ್ತಾನ. ಓಣ್ಯಾಗ ನೀವು ಆಡ್ತೀರಲ್ಲ, ಹಂಗ."

ಮಗನ ಮುಖ ಅರಳುತ್ತದೆ. ಅವನು ಈ ಆಟದಲ್ಲಿ ಪಳಗಿದವ. ಮೀಸೆಯವನ ಮುಂದೆ ನಿಂತು, ಕೈ ಮುಂದೆ ಚಾಚಿ, "ಸ್ಟ್ಯಾಚೂ... ಓವರ್!" ಎನ್ನುತ್ತಾನೆ. ಮೀಸೆಯವ ಅಲುಗುವುದಿಲ್ಲ. "ಓವರ್ ಅಂದ್ರೂ ಅಳ್ಳಾಡವಲ್ಲ, ಆಯಿ!" "ಭಾಳ ಗಟ್ಟಿ ಆಟಗಾರದಾನ, ಬಿಡು." ನನ್ನ ಹೆಗಲಿನಿಂದ ಒಂದು ಕಣ್ಣು ಇಣುಕುತ್ತದೆ, ಆಮೇಲೆ ಇನ್ನೊಂದು. "ಓವಲ್," ಎನ್ನುತ್ತಾಳೆ ಮೆಲ್ಲಗೆ.

ಅಲ್ಲಿಂದ ಮುಂದೆ ಇಡೀ ಊರು ಇವರಿಬ್ಬರ ಪಾಲಿಗೆ ಆಟದಲ್ಲಿ ನಿಂತ ಊರು. ಸಂತೆಯಲ್ಲಿ ಕೂತವರಿಗೆ ಓವರ್, ಬೀಸುವ ಹೆಂಗಸಿಗೆ ಓವರ್, ಕುಲುಮೆಯ ಕಂಬಾರನಿಗೆ ಓವರ್. ಸಾವಿರಕ್ಕೂ ಹೆಚ್ಚು ಜನ, ಒಬ್ಬರೂ ಸೋಲುವುದಿಲ್ಲ.

ಈ ಊರನ್ನು ಹೀಗೆ ನಿಲ್ಲಿಸಿದವರು ಕಲಾವಿದ ಟಿ.ಬಿ. ಸೊಲಬಕ್ಕನವರ. ದೊಡ್ಡಾಟಕ್ಕೆ ಜೀವ ತುಂಬಲು ದುಡಿದವರು, ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2020ರಲ್ಲಿ ತೀರಿಕೊಂಡರು. ಚಂಡೀಗಢದ ರಾಕ್ ಗಾರ್ಡನ್‌ನಲ್ಲಿ ನೇಕ್ ಚಂದ್ ಒಡೆದ ಬಳೆ-ಬಸಿಗಳಿಂದ ಎಲ್ಲೂ ಇಲ್ಲದ ಲೋಕವೊಂದನ್ನು ಕಟ್ಟಿದರೆ, ಸೊಲಬಕ್ಕನವರ ಕಣ್ಣೆದುರೇ ಕರಗುತ್ತಿದ್ದ ಲೋಕವನ್ನು ಹಿಡಿದು ನಿಲ್ಲಿಸಿದರು. ಇಲ್ಲಿ ಹಾರುವ ಆನೆಯಿಲ್ಲ, ಮಾತಾಡುವ ಇಲಿಯಿಲ್ಲ. ಇಲ್ಲಿನ ಕಥೆ ನವಲಗುಂದದ ಹೊಲದಲ್ಲಿ ಬೆಳೆದ ನಮ್ಮ ಅತ್ತೆಗೆ ಬಾಯಿಪಾಠ.

ಅಂಥ ಆನೆ, ಇಲಿಗಳ ವಾಲ್ಟ್ ಡಿಸ್ನಿ ತನ್ನ ಹೆಣ್ಣುಮಕ್ಕಳನ್ನು ತಿರುಗುವ ಕುದುರೆಯ ಮೇಲೆ ಕೂರಿಸಿ, ತಾನು ಬೆಂಚಿನ ಮೇಲೆ ಬೇಸರದಿಂದ ಕೂತಿದ್ದಾಗ, ದೊಡ್ಡವರೂ ಮಕ್ಕಳೂ ಕೂಡಿ ಆಡುವ ಜಾಗ ಬೇಕೆಂಬ ಯೋಚನೆ ಬಂತಂತೆ. 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನ ಮೂಲ ಅದೆನ್ನುತ್ತಾರೆ. ಈಗ ನಮ್ಮ ಅತ್ತೆಯನ್ನು ನೋಡಿ. ಬೆಂಚು ಇವರಿಗೆ ಬೇಕೇ ಆಗಿಲ್ಲ. ಬೀಸುಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಇಲ್ಲದ ಗೂಟ ಹಿಡಿದು ಗಾಳಿಯಲ್ಲೇ ಬೀಸಿ ತೋರಿಸುತ್ತಿದ್ದಾರೆ. "ಹಿಂಗ ತಿರುವಿದ್ರ ಹಿಟ್ಟು ಸಣ್ಣ ಬರ್ತದ. ನಮ್ಮವ್ವ ನಸಿಕಿನ್ಯಾಗ ಎದ್ದು ಬೀಸಾಕಿ." ಮೊಮ್ಮಕ್ಕಳಿಬ್ಬರೂ ಎದುರು ಕೂತು ಗಾಳಿ ಬೀಸುತ್ತಿದ್ದಾರೆ. ಆಚೆ ನಿಂತ ಯಾರದೋ ಮಗುವೂ ಬಂದು ಸೇರಿಕೊಳ್ಳುತ್ತದೆ.

ಆಕಳು ಕರುವಿನ ಎದುರು ನಾವು ಇಪ್ಪತ್ತು ನಿಮಿಷ ಕಳೆಯುತ್ತೇವೆ. ಮಗಳು ಕೈಯಲ್ಲಿದ್ದ ರೊಟ್ಟಿ ಚೂರನ್ನು ಕರುವಿನ ಬಾಯಿಯ ಕಡೆ ಚಾಚಿ ನಿಂತಿದ್ದಾಳೆ. "ತಿನ್ನು." ಕರು ತಿನ್ನುವುದಿಲ್ಲ. "ತಿನ್ನು, ಕರಾ." ಕೈ ಸೋತು ಚೂರು ನೆಲಕ್ಕೆ ಬೀಳುತ್ತದೆ. ಅವಳು ಬಗ್ಗಿ ನೋಡುತ್ತಾಳೆ. ಒಂದು ಕಪ್ಪಿರುವೆ ಬರುತ್ತದೆ, ಸುತ್ತು ಹಾಕುತ್ತದೆ, ಹೋಗಿ ಇನ್ನೂ ನಾಲ್ಕನ್ನು ಕರೆತರುತ್ತದೆ. ರೊಟ್ಟಿಯ ಮೇಲಿನ ಎಳ್ಳೊಂದು ಕದಲಿ, ಸಿಮೆಂಟಿನ ಗೊರಸಿನ ಪಕ್ಕದಲ್ಲಿ ಹಾದು ಬಿರುಕಿನೊಳಗೆ ಮಾಯವಾಗುತ್ತದೆ. ಮಗಳು ಅಣ್ಣನನ್ನು ಕೂಗಿ ಹೇಳುತ್ತಾಳೆ, "ತಿಂತು!"

ನೋಡದ್ದು ಇನ್ನೂ ಅರ್ಧಕ್ಕರ್ಧ ಉಳಿದಿದೆ. ಗಡಿಯಾರದಲ್ಲಿ ಹನ್ನೆರಡೂಕಾಲು. ಮಗಳು ಕಣ್ಣು ಉಜ್ಜಿಕೊಂಡಾಯಿತು. "ರೊಕ್ಕ ಕೊಟ್ಟೀವಿ, ಪೂರ್ತಿ ನೋಡೇ ಹೋಗೂಣು," ಎಂಬ ಮಾತು ಇವರ ನಾಲಿಗೆಯ ತುದಿಯಲ್ಲಿದೆ. ಮುಖ ನೋಡಿದರೆ ತಿಳಿಯುತ್ತದೆ. ನಾನು ಗೇಟಿನ ಕಡೆ ಹೊರಡುತ್ತೇನೆ. ಅಂಗಿ ಅಳತೆಗೆ ಬಂದ ಮೇಲೆ ಉಳಿದ ಬಟ್ಟೆಯನ್ನೂ ಸೇರಿಸಿ ಹೊಲಿದರೆ ಅದು ಗವಸಣಿಗೆಯಾಗುತ್ತದೆ.

ಹೊರಗೆ ಗಿಡದ ನೆರಳಿನಲ್ಲಿ ಟವೆಲ್ಲು ಹಾಸಿ ಬುತ್ತಿ ಬಿಚ್ಚುತ್ತೇವೆ. ಮೊಸರನ್ನದ ಐದನೇ ತುತ್ತಿಗೆ ಮಗಳು ನಿದ್ದೆಗೆ ಜಾರಿದ್ದಾಳೆ. ವಾಪಸು ಬಸ್ಸಿನಲ್ಲಿ ಮಗನೂ ಮಲಗುತ್ತಾನೆ. ಮಲಗುವ ಮುಂಚೆ ಒಮ್ಮೆ ಕೇಳುತ್ತಾನೆ, "ಆಯಿ, ರಾತ್ರಿ ಎಲ್ಲಾರೂ ಮನಿಗೆ ಹೋದ ಮ್ಯಾಲ ಅವ್ರು ಓವರ್ ಮಾಡ್ತಾರೇನು?" ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, "ಮಾಡ್ತಿರಬೇಕಪ್ಪಾ," ಎನ್ನುತ್ತಾರೆ.

*

ಲಕೋಟೆ ಇನ್ನೂ ತಕ್ಕಮಟ್ಟಿಗೆ ದಪ್ಪಗಿದೆ. ಹಾಗಾಗಿ ಮುಂದಿನ ಅರ್ಧ ದಿನಕ್ಕೆ ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ಮ್ಯೂಸಿಯಂ ಎಂದು ಗೊತ್ತುಮಾಡಿದ್ದೇವೆ. 2020ರ ಆಗಸ್ಟ್‌ನಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಕಾಟೇಜುಗಳಿವೆ, ಹಳೆಯ ಎಂಜಿನ್ನುಗಳಿವೆ. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮನ್ನೂ ತೋರಿಸಬೇಕೆಂದು ಇವರ ಆಸೆ. ಜಗತ್ತಿಗೇ ಉದ್ದ ಎಂದು ಹೆಸರಾದದ್ದು. ನಮ್ಮ ಮಗಳಿಗೆ ಅದರಲ್ಲಿ 15 ಮೀಟರ್ ಸಾಕು.

ನೀವೂ ಹೊರಡುವವರಿದ್ದರೆ ನಾಲ್ಕೇ ಮಾತು. ಹಿಂದಿನ ದಿನವೇ ಫೋನ್ ಮಾಡಿ, ತೆರೆದಿರುತ್ತದೆಯೇ, ಟಿಕೆಟ್ಟು ಎಷ್ಟು, ಬುತ್ತಿ ಒಳಗೆ ಬಿಡುತ್ತಾರೆಯೇ ಎಂದು ಕೇಳಿಕೊಳ್ಳಿ. ಮೊದಲ ಬಸ್ಸಿಗೆ ಹೋಗಿ, ಕೂಸು ಕಣ್ಣುಜ್ಜಿದ ಕೂಡಲೇ ತಿರುಗಿ. ಬಟ್ಟೆ ಮೂರು ಜೊತೆ ಇರಲಿ. ಮತ್ತು ಮನೆಯಲ್ಲಿ ಅಜ್ಜಿಯಿದ್ದರೆ ಬಿಟ್ಟು ಹೋಗಬೇಡಿ. ಆಧಾರ್ ಕಾರ್ಡ್ ಒಂದಿದ್ದರೆ ಕೆಂಪು ಬಸ್ಸಿನಲ್ಲಿ ಅವರ ಚೀಟಿಗೆ ದುಡ್ಡಿಲ್ಲ.